ಮಧುಮೇಹಿಯ ತಟ್ಟೆಯಲ್ಲಿ ಮಿರ್ಚಿ ಭಜಿ

ಮಧುಮೇಹವಿದೆಯೆಂದು ತಿಳಿದ ದಿನದಿಂದಲೇ ಅನೇಕ ಮನೆಗಳಲ್ಲಿ ಹಿರಿಯರಿಗೆ ನಿಷೇಧಗಳ ಪಟ್ಟಿ ಸಿದ್ಧವಾಗುತ್ತದೆ. ಸಿಹಿಯೊಡನೆ ಮಿರ್ಚಿ ಭಜಿಯೂ ಅದರಲ್ಲಿ ಸೇರುತ್ತದೆ. ಪರಿಣಾಮವಾಗಿ, ಮನೆಯಲ್ಲಿ ಬಿಟ್ಟದ್ದನ್ನು ಅವರು ಪೇಟೆಯಲ್ಲಿ ಮರೆಯಾಗಿ ತಿನ್ನುತ್ತಾರೆ, ವೈದ್ಯರಿಗೂ ಹೇಳುವುದಿಲ್ಲ. ಮುಚ್ಚಿಟ್ಟ ಆಹಾರಕ್ಕೆ ತಕ್ಕಂತೆ ಔಷಧವನ್ನು ಯಾವ ವೈದ್ಯರೂ ಹೊಂದಿಸಲಾರರು. ಆದ್ದರಿಂದ ನಿಷೇಧಕ್ಕಿಂತ ಮಿತಿಯನ್ನು ಅರಿಯುವುದೇ ಲೇಸೆಂಬುದು ನಮ್ಮ ಅಭಿಪ್ರಾಯ.

ಭಜಿಯ ಕಡಲೆಹಿಟ್ಟು ಮೈದಾಹಿಟ್ಟಿಗಿಂತ ನಿಧಾನವಾಗಿ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅದರ ಜೊತೆಗಿನ ಚುರುಮುರಿಯಾದರೋ ಅಕ್ಕಿಯದೇ ರೂಪ. ಹಗುರವೆನಿಸಿದರೂ ರಕ್ತದ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ಸಕ್ಕರೆ ಬೆರೆಸಿದ ಚಹಾ ಅದಕ್ಕೆ ಮತ್ತಷ್ಟು ಕೂಡಿಸುತ್ತದೆ. ಮೊದಲು ಬಿಡಬೇಕಾದದ್ದು ಈ ಜೊತೆಗಾರರನ್ನು.

ಹಾಗೆಂದು ಭಜಿ ನಿರಪಾಯವಲ್ಲ. ಎಣ್ಣೆಯ ಅಂಶವು ಆಹಾರ ಜಠರದಿಂದ ಮುಂದೆ ಸಾಗುವುದನ್ನು ತಡಮಾಡುತ್ತದೆ. ತಿಂದ 2 ಗಂಟೆಗೆ ಪರೀಕ್ಷಿಸಿದಾಗ ಸರಿಯಾಗಿ ಕಂಡ ಸಕ್ಕರೆ ಅನಂತರ ಏರಬಹುದು. ಸಂಜೆ ಭಜಿ ತಿಂದು ರಾತ್ರಿ ಎಂದಿನಂತೆ ಉಂಡರೆ ಎರಡೂ ಏರಿಕೆಗಳು ಒಂದಾಗುತ್ತವೆ. ಇದೇ ಕಾರಣದಿಂದ, ಸಕ್ಕರೆ ಕುಸಿದು ಬೆವರು, ನಡುಕ ಬಂದಾಗ ಭಜಿಯನ್ನು ನಂಬಬಾರದು. ಆಗ ಸುಮಾರು 15 ಗ್ರಾಂ, ಅಂದರೆ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಯಬೇಕು.

ಆಸೆಯಾದಾಗ ಅಪರೂಪಕ್ಕೊಮ್ಮೆ ಒಂದೆರಡು ಭಜಿ ಸಾಕು. ಅದು ಊಟದ ಭಾಗವಾಗಲಿ, ಊಟದ ಮೇಲಿನ ಹೊರೆಯಾಗದಿರಲಿ. ಆ ಹೊತ್ತಿನ ಅನ್ನವನ್ನೋ ಒಂದು ರೊಟ್ಟಿಯನ್ನೋ ಕಡಿಮೆ ಮಾಡಬೇಕು. ಇನ್ಸುಲಿನ್ ಅಥವಾ ಸಕ್ಕರೆ ಕುಸಿಯುವಂತೆ ಮಾಡಬಲ್ಲ ಮಾತ್ರೆ ಪಡೆಯುವವರು ವೈದ್ಯರನ್ನು ಕೇಳದೆ ಊಟ ಕಡಿತಗೊಳಿಸಬಾರದು. ಮೊದಲು ಸೌತೆಕಾಯಿ, ಮೂಲಂಗಿ, ಮೊಳಕೆಯೊಡೆದ ಹೆಸರುಕಾಳು ತಿಂದು, ಬಳಿಕ ಭಜಿ ತಿನ್ನುವುದು ಉತ್ತಮ. ತಿಂದ ಮೇಲೆ 15 ನಿಮಿಷ ನಡೆದರೆ ಸ್ನಾಯುಗಳು ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಹೃದ್ರೋಗ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಇಷ್ಟೂ ಹೆಚ್ಚಾಗಬಹುದು.

ಎಣ್ಣೆಯ ವಿಚಾರವೂ ಮುಖ್ಯ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹಾನಿಕರ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇ. 25ನ್ನು ಮೀರಿದ ಎಣ್ಣೆಯನ್ನು ಬಳಸುವುದನ್ನು ಭಾರತದ ಆಹಾರ ಸುರಕ್ಷತಾ ನಿಯಮ 2018ರ ಜುಲೈ 1ರಿಂದ ನಿಷೇಧಿಸಿದೆ. ಬಾಣಲೆಯ ಎಣ್ಣೆ ಕಪ್ಪಾಗಿ ನೊರೆಯೇಳುತ್ತಿದ್ದರೆ ಅಲ್ಲಿಂದ ಹಿಂದಿರುಗುವುದೇ ಕ್ಷೇಮ.

ಮನೆಯವರಲ್ಲಿ ಒಂದು ವಿನಂತಿ: ಹಿರಿಯರನ್ನು ಗದರಿಸದೆ, ತಾಜಾ ಎಣ್ಣೆಯಲ್ಲಿ ಮನೆಯಲ್ಲಿಯೇ ಕರಿದು, ಎಣಿಸಿ ಬಡಿಸಿರಿ. ಮುಂದಿನ ತಪಾಸಣೆಯಲ್ಲಿ ಅದನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಿರಿ.