ಅಜ್ಜಿಗೆ ಮರೆವಾ, ಆ್ಯಪ್‌ಗೆ ಅಜ್ಜಿ ಗೊತ್ತಿಲ್ವಾ?

ನೆನಪಿನ ಶಕ್ತಿ ಅಳೆಯುವ ಮೊಬೈಲ್ ಆ್ಯಪ್‌ಗಳು ಬಂದಿವೆ. ಪರದೆಯ ಮೇಲೆ ಯಾವ ಪ್ರಶ್ನೆ, ಎಲ್ಲಿ ಬಟನ್, ಎಷ್ಟು ದೊಡ್ಡ ಅಕ್ಷರ ಇರಬೇಕು ಎಂದು ತೀರ್ಮಾನಿಸುವವರು ಯುಎಕ್ಸ್ ಡಿಸೈನರ್‌ಗಳು. ಅವರಿಗೆ ನಮ್ಮದು ಒಂದೇ ಮಾತು: ಮೊದಲು ನಮ್ಮ ಕಮಲಾಪುರಕ್ಕೆ ಬನ್ನಿ.

ಕೆಂಪು ಬಾಳೆಯ ಈ ಊರಿನ ಅಜ್ಜಿಗೆ 'ಇವತ್ತು ತಾರೀಕು ಎಷ್ಟು?' ಎಂದು ಕೇಳಿದರೆ ಸುಮ್ಮನಾಗಬಹುದು. ಅಮಾವಾಸ್ಯೆಗೆ ಎಷ್ಟು ದಿನ ಎಂದರೆ ಬೆರಳು ಎಣಿಸಿ ಹೇಳುತ್ತಾಳೆ. ಶಾಲೆ ಕಾಣದವರು ಪರದೆ ಓದಲಾಗದೆ ತಪ್ಪಿದರೆ, ಅದನ್ನು ಕಾಯಿಲೆ ಎಂದು ತೋರಿಸುವುದು ಅನ್ಯಾಯ. 'ಓದು ಬರಲ್ಲ, ಬಿಡಿ' ಎಂದು ನಿಜವಾದ ಕಾಯಿಲೆಯನ್ನು ಕಡೆಗಣಿಸುವುದೂ ಅಪಾಯವೇ.

ಇದಕ್ಕೆ ದಾರಿ ಇದೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಸಂಶೋಧಕರು ಓದು ಬಾರದ ಹಿರಿಯರಿಗಾಗಿ ಹಿಂದಿಯಲ್ಲಿ ಪರೀಕ್ಷೆ ರೂಪಿಸಿದರು. 'ಕಣ್ಣು ಮುಚ್ಚಿ' ಎಂಬ ಬರಹ ಓದಿಸುವ ಬದಲು, ತಾವೇ ಕಣ್ಣು ಮುಚ್ಚಿ 'ನಾನು ಮಾಡಿದಂತೆ ಮಾಡಿ' ಎಂದರು. ಐಸಿಎಂಆರ್‌ನ ಪರೀಕ್ಷಾ ಸಾಧನಗಳು ಕನ್ನಡದಲ್ಲೂ ಇವೆ. ನಿಮ್ಹಾನ್ಸ್ ಜೊತೆ ನಮ್ಮ ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮವನ್ನೂ ಶುರು ಮಾಡಿತು.

ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರೇ, ಈ ಕೆಲಸ ನಿಮ್ಮಿಂದ ಆಗುತ್ತದೆ. ಅಜ್ಜಿಯ ಮಾತು ನಿಮಗೆ ಗೊತ್ತು. ಹುಮನಾಬಾದ್ ರಸ್ತೆಯ ಬಸ್ ಹತ್ತಿ ಬನ್ನಿ, ಕಟ್ಟೆ ಮೇಲೆ ಕೂತು ಕೇಳಿ, ಆಮೇಲೆ ಪರದೆ ಬಿಡಿಸಿ.

ಮನೆಯವರಿಗೂ ಒಂದು ಮಾತು: ಆ್ಯಪ್ ಏನೇ ಹೇಳಲಿ, ಮರೆವು ಹೆಚ್ಚಾದರೆ ಡಾಕ್ಟರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ. ಅದಕ್ಕೆ ಔಷಧಿ ಇದೆ.