ನಟರ ಸರಣಿ, ಭಾಗ 4: ಸಂಚಾರಿ ವಿಜಯ್, ನನ್ನ ವೋಟು ‘ಹರಿವು’ಗೆ

ಸಂಚಾರಿ ವಿಜಯ್ ಅಂದ ಕೂಡ್ಲೇ ಎಲ್ರೂ ‘ನಾನು ಅವನಲ್ಲ ಅವಳು’ ಅಂತಾರೆ. ತಪ್ಪಲ್ಲ. ಮಾದೇಶ ವಿದ್ಯಾ ಆಗುವ ಆ ಪಾತ್ರಕ್ಕೆ 2014ನೇ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಕ್ಲಾಸಲ್ಲಿ ಚಪ್ಪಾಳೆ ತಟ್ಟಿ ಮಂಗಳಮುಖಿಯರ ಮಿಮಿಕ್ರಿ ಮಾಡಿ ನಗಿಸ್ತಿದ್ದವರಲ್ಲಿ ನಾನೂ ಒಬ್ಬ. ಅದು ನಿಂತದ್ದು ಈ ಸಿನಿಮಾ ನೋಡಿದ ಮೇಲೆ.

ಆದ್ರೂ ನನ್ನ ವೋಟು ಮಂಸೋರೆ ನಿರ್ದೇಶನದ ‘ಹರಿವು’ಗೆ. ಅದೇ ವರ್ಷ ಅತ್ಯುತ್ತಮ ಕನ್ನಡ ಚಿತ್ರ ರಾಷ್ಟ್ರಪ್ರಶಸ್ತಿ ಅದಕ್ಕೇ. ಉತ್ತರ ಕರ್ನಾಟಕದ ಬಡ ರೈತ, ಕಾಯಿಲೆ ಬಿದ್ದ ಮಗನನ್ನು ಬೆಂಗಳೂರಿಗೆ ಕರ್ಕೊಂಡು ಬರ್ತಾನೆ. ಮಗ ಉಳಿಯುವುದಿಲ್ಲ. ಹೆಣ ಸಾಗಿಸಲು ಗಾಡಿಗೆ ದುಡ್ಡಿಲ್ಲ. ಟ್ರಂಕಲ್ಲಿಟ್ಟು ಊರಿನ ಬಸ್ ಹತ್ತುತ್ತಾನೆ. ಬೇರೆ ನಟ ಆಗಿದ್ರೆ ಎದೆ ಬಡ್ಕೊಂಡು ಅಳ್ತಿದ್ದ ಮಾರಾಯ್ರೆ! ಇಲ್ಲಿ ಅಳುವ ಹಾಗೇ ಇಲ್ಲ, ಪಕ್ಕದವರಿಗೆ ಗೊತ್ತಾಗ್ಬಾರ್ದು. ಆ ತಡ್ಕೊಂಡ ಮುಖ ಉಂಟಲ್ಲ, ಅದೇ ನಟನೆ. ಮಂಗಳೂರಿಂದ ಬಿ.ಸಿ.ರೋಡ್ ದಾಟಿ ಬೆಳ್ತಂಗಡಿಗೆ ಹೋಗುವ ಸಂಜೆ ಬಸ್ಸಲ್ಲಿ ಆಸ್ಪತ್ರೆಯ ಸ್ಕ್ಯಾನಿಂಗ್ ಕವರ್ ಮಡಿಲಲ್ಲಿಟ್ಟು ಕೂತವರನ್ನು ನೋಡಿದಾಗೆಲ್ಲ ನನಗೆ ಆ ಮುಖ ನೆನಪಾಗ್ತದೆ. ಈಗ ನಾನು ಅಂಥವರ ಪಕ್ಕ ಕೂತ್ರೆ ರೀಲ್ಸ್ ಸೌಂಡ್ ಕಮ್ಮಿ ಮಾಡ್ತೇನೆ.

‘ನಾತಿಚರಾಮಿ’ಯಲ್ಲಿ (2018) ಹೆಂಡತಿಯ ಬೆಲೆ ಗೊತ್ತಿಲ್ಲದ ಗಂಡ. ಅಲ್ಲಿ ಇವರ ಮೇಲೆ ಸಿಟ್ಟೇ ಬರ್ತದೆ. ಅದೂ ಅವರ ಗೆಲುವೇ.

ಚಾರ್ಮಾಡಿ ಹತ್ತಿದ್ರೆ ಸಿಗುವ ಚಿಕ್ಕಮಗಳೂರು ಜಿಲ್ಲೆಯವರು ಇವರು. 2021ರ ಜೂನಲ್ಲಿ ಬೈಕ್ ಅಪಘಾತವಾಗಿ ತೀರ್ಕೊಂಡಾಗ ಅಂಗಾಂಗ ದಾನದ ಸುದ್ದಿಯನ್ನು ನಾವೆಲ್ಲ ಸ್ಟೇಟಸ್‌ಗೆ ಹಾಕಿದ್ವಿ. ಸಿನಿಮಾ ನೋಡಿದವರು ಎಷ್ಟು ಜನ? ಮೂಡುಬಿದಿರೆ ಗ್ಯಾಂಗ್, ನಿಮ್ಮನ್ನೇ ಕೇಳ್ತಿರುವುದು.

ಮುಂದಿನ ಭಾಗ: ಲೋಕೇಶ್, ‘ಪರಸಂಗದ ಗೆಂಡೆತಿಮ್ಮ’.