ಜಾನಕಿ ಬರಲಿ, ಆಮೇಲೆ ನೋಡೋಣ



ಒಲೆಯ ಮೇಲೆ ಹಾಲಿಟ್ಟು ಧಾರಾವಾಹಿ ಮುಂದೆ ಕೂತು, ಹಾಲು ಉಕ್ಕಿಸಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಕೊಲೆಗಾರ ಯಾರು ಎನ್ನುವಲ್ಲಿಗೆ ತಂದು 'ಮುಂದಿನ ವಾರ' ಎಂದರೆ ಆ ರಾತ್ರಿ ನಿದ್ದೆ ಬಂದ ಹಾಗೇ! 1990ರ ಆಸುಪಾಸಿನಲ್ಲಿ ದೂರದರ್ಶನದಲ್ಲಿ ಸದಾನಂದ ಸುವರ್ಣರ 'ಗುಡ್ಡದ ಭೂತ' ಬರುತ್ತಿದ್ದಾಗ ನಮ್ಮ ಮನೆ ಮಕ್ಕಳು ಕತ್ತಲಾದ ಮೇಲೆ ಹಿತ್ತಿಲಿಗೆ ಹೋಗುತ್ತಿರಲಿಲ್ಲ. 1993ರಲ್ಲಿ ಬಂದ ಹಿಂದಿಯ 'ಬ್ಯೋಮಕೇಶ್ ಬಕ್ಷಿ' ಮತ್ತೆ ಮುಖ ತೋರಿಸಿದ್ದು 1997ರಲ್ಲಿ. ಆ ಪತ್ತೇದಾರನನ್ನು ಸೃಷ್ಟಿಸಿದ ಬಂಗಾಳಿ ಲೇಖಕ ಶರದಿಂದು ಬಂದ್ಯೋಪಾಧ್ಯಾಯರಂತೂ ನಡುವೆ ಅವನ ಕಥೆ ಬರೆಯುವುದನ್ನೇ ನಿಲ್ಲಿಸಿ ಸುಮಾರು 15 ವರ್ಷ ಓದುಗರನ್ನು ಕಾಯಿಸಿದ್ದರು. ಕಾಯುವುದರಲ್ಲೂ ಒಂದು ಸುಖವಿದೆ, ನಿಜ. ಆದರೆ ಕಾಯಿಸಿ ಕೆಟ್ಟ ನನ್ನ ಕಥೆ ಕೇಳಿ.

ನಮ್ಮತ್ತೆ ಕೊಳ್ಳೇಗಾಲದ ನೇಯ್ಗೆ ಮನೆಯ ಹೆಣ್ಣುಮಗಳು. ಮಗ್ಗದಲ್ಲಿ ಒಂದು ರೇಷ್ಮೆ ಎಳೆ ಕಡಿದರೆ ದೂರದಿಂದಲೇ ಹೇಳುತ್ತಿದ್ದ ಕಣ್ಣು ಅವರದು. ಅಂಥ ಕಣ್ಣಿಗೆ ಪೊರೆ ಬಂತು. 2020ರ ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆ ಎಂದು ದಿನ ಗೊತ್ತುಮಾಡಿದ್ದೆವು. ಮಾರ್ಚಿಯಲ್ಲೇ ಲಾಕ್‌ಡೌನ್ ಬಂತು. ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಜೂನ್‌ವರೆಗೂ ಒಂದು ಕೊರೊನಾ ಪ್ರಕರಣವೂ ಇರಲಿಲ್ಲ. ಆದರೂ ಬಾಗಿಲು ಬಾಗಿಲೇ. ತುರ್ತಲ್ಲದ ಚಿಕಿತ್ಸೆಗಳೆಲ್ಲ ಮುಂದಕ್ಕೆ ಹೋದವು. ಚಿತ್ರೀಕರಣಗಳೂ ನಿಂತವು. ಅತ್ತೆಯ ಪ್ರಾಣವಾಗಿದ್ದ ಟಿ.ಎನ್. ಸೀತಾರಾಮರ 'ಮಗಳು ಜಾನಕಿ'ಯೂ ನಿಂತಿತು. ಗುಟ್ಟು, ಒಳಸಂಚು, ಕೋರ್ಟು, ವಾದ ಎಲ್ಲ ಅರ್ಧಕ್ಕೇ!

"ಜಾನಕಿ ಯಾವಾಗ ಬಂದಾಳವ್ವ?" ಎಂದು ದಿನಾ ಕೇಳುವರು. ಜೂನ್ ಹೊತ್ತಿಗೆ ಬೇರೆ ಧಾರಾವಾಹಿಗಳ ಹೊಸ ಕಂತುಗಳು ಬಂದವು, ಜಾನಕಿ ಬರಲಿಲ್ಲ. ಧಾರಾವಾಹಿ ನಿಂತೇಹೋಯಿತು ಎಂಬ ಸುದ್ದಿ ನನಗೆ ಗೊತ್ತಿತ್ತು. ಮೊದಲೇ ಮನೆಯೊಳಗೆ ಕೂಡಿಹಾಕಿದ ಹಾಗಿರುವ ಜೀವ, ಇದೊಂದು ಆಸೆಯನ್ನೂ ಯಾಕೆ ಕಿತ್ತುಕೊಳ್ಳಲಿ ಎಂದು "ಮುಂದಿನ ತಿಂಗಳು ಬರ್ತಾಳಂತೆ" ಎಂದುಬಿಟ್ಟೆ.

ಆ ಸುಳ್ಳಿಗೆ ಕಾಲು ಮೂಡಿತು ನೋಡಿ. ಆಸ್ಪತ್ರೆಗಳು ಮತ್ತೆ ಪೊರೆ ತೆಗೆಯತೊಡಗಿದಾಗ ಅತ್ತೆ ಏನೆಂದರು ಗೊತ್ತೆ? "ಕಣ್ಗೆ ಪಟ್ಟಿ ಕಟ್ಕೊಂಡು ಕೂತಿರುವಾಗ ಜಾನಕಿ ಬಂದ್ಬುಟ್ರೆ? ಬರ್ಲಿ, ನೋಡ್ಕೊಂಡು ಹೋಗವಾ. ಪೊರೆನೂ ಇನ್ನಷ್ಟು ಬಲೀಲಿ." ನಾನು ಬಾಯಿ ಬಿಡಲಿಲ್ಲ. ನವೆಂಬರಿನ ಒಂದು ಸಂಜೆ ಹೊಸ್ತಿಲು ಕಾಣದೆ ಮುಗ್ಗರಿಸಿದರು. ಬಲ ಮಣಿಕಟ್ಟು ಮುರಿಯಿತು.

ಆ ರಾತ್ರಿ ನಿಜ ಹೇಳಿ ಅತ್ತೆ. ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. "ನಾನೇನ್ ಮಗುವಾ? ಬರಲ್ಲ ಅಂದಿದ್ರೆ ಒಂದಿನ ಬೇಜಾರಾಗ್ತಿತ್ತು. ಆಮೇಲೆ ಕಣ್ ಮಾಡಿಸ್ಕೊಂತಿದ್ದೆ," ಎಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

'ಪೊರೆ ಬಲಿಯಲಿ' ಎನ್ನುವ ಮಾತು ನಿಮ್ಮ ಮನೆಯಲ್ಲೂ ಇದ್ದೀತು. ಡಾ. ಎಂ.ಸಿ. ಮೋದಿಯವರ ಶಿಬಿರಗಳಿಗೆ ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲದ ಮಾತದು. ಆಗ ಮಸುಕಾದ ಮಸೂರವನ್ನು ಇಡಿಯಾಗಿ ತೆಗೆದು ದಪ್ಪ ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ಈಗ ಸಣ್ಣ ರಂಧ್ರದಲ್ಲಿ ಅದನ್ನು ಪುಡಿಮಾಡಿ ತೆಗೆದು, ಕೃತಕ ಮಸೂರ ಕೂರಿಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಬಲಿಯಲು ಕಾಯಬೇಕಾಗಿಲ್ಲ. ತೀರಾ ಬಲಿತರೆ ತೆಗೆಯುವುದು ಕಷ್ಟ, ಕಣ್ಣೊಳಗಿನ ಒತ್ತಡವೂ ಏರಬಹುದು. ಯಾವ ಹನಿ ಔಷಧದಿಂದಲೂ ಪೊರೆ ಕರಗುವುದಿಲ್ಲ. ಹಿರಿಯರು ಸೂಜಿಗೆ ದಾರ ಪೋಣಿಸಲು ತಡಕಾಡಿದರೆ, ದೀಪದ ಸುತ್ತ ಬಳೆ ಕಾಣುತ್ತದೆ ಎಂದರೆ, ಮೆಟ್ಟಿಲಲ್ಲಿ ಅನುಮಾನಿಸಿದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸಕ್ಕರೆ ಕಾಯಿಲೆಯಿದ್ದರೆ ಮುಂಚಿತವಾಗಿ ಹೇಳಿ. ಆಮೇಲೆ ವೈದ್ಯರು ಹೇಳಿದಷ್ಟು ದಿನ ಕಣ್ಣು ಉಜ್ಜದಂತೆ, ನೀರು, ಒಲೆಯ ಹೊಗೆ ತಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಕೈ ಕೂಡಿದ ಮೇಲೆ ಅತ್ತೆಯ ಕಣ್ಣೂ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಅವರು ಮೊದಲು ನೋಡಿದ್ದು ನನ್ನ ಸೀರೆಯ ಅಂಚು: "ಇದು ಹಸಿರಾ! ನಾನು ಕಪ್ಪು ಅಂದ್ಕೊಂಡಿದ್ನಲ್ಲ." ಜಾನಕಿಯ ಉಳಿದ ಕಥೆಯನ್ನು ಸಂಜೆ ಅವರೆಕಾಯಿ ಸುಲಿಯುತ್ತಾ ತಾವೇ ಕಟ್ಟಿ ಮುಗಿಸಿದರು, ಕೆಟ್ಟವರಿಗೆಲ್ಲ ಜೈಲಾಯಿತು! 1998ರ 'ಮಾಯಾಮೃಗ' 2022ರಲ್ಲಿ 'ಮತ್ತೆ ಮಾಯಾಮೃಗ'ವಾಗಿ ಬಂದಾಗ ಮುಂದೆ ಕೂತು ನೋಡಿದವರೂ ಅವರೇ.

ಧಾರಾವಾಹಿ ತಡವಾದರೆ ಆಗಲಿ ಬಿಡಿ, ಅದು ಅವರ ಕೈಲಿದೆ. ನಮ್ಮ ಕೈಲಿರುವುದನ್ನು ಅದರ ಜೊತೆ ಗಂಟು ಹಾಕಬೇಡಿ. ಮನೆಯ ಹಿರಿಯರಿಗೆ ಸಿಹಿ ಸುಳ್ಳು ಹೇಳುವ ಮೊದಲು, ಅದಕ್ಕಾಗಿ ಅವರು ಏನನ್ನು ಮುಂದೂಡುತ್ತಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ.

ಹಾಲು ಉಕ್ಕುತ್ತಿದೆ, ಬರಲೇ?